ಜೇಬಿನ ಚಾಕು, ಅಪ್ಪನ ರಂಪಿ

ಸ್ವಲ್ಪ ಉದ್ದದ ಬರಹ. ಪುರುಸೊತ್ತಾದಾಗ ಓದಿ.

ನನ್ನ ಪ್ಯಾಂಟಿನ ಬಲಗಡೆ ಜೇಬಲ್ಲಿ ಒಂದು ಮಡಚುವ ಚಾಕು ಇರುತ್ತೆ. ಏಳೆಂಟು ವರ್ಷದಿಂದ ಇದೆ. ಕೀ, ಪರ್ಸು, ಮೊಬೈಲು, ಆಫೀಸಿನ ಐಡಿ ಕಾರ್ಡು, ಆಮೇಲೆ ಇದು. ಬೆಳಿಗ್ಗೆ ಪ್ಯಾಂಟು ಹಾಕ್ಕೊಂಡ ತಕ್ಷಣ ಕೈ ತಾನಾಗೇ ಹೋಗಿ ಅದನ್ನ ಜೇಬಿನ ಅಂಚಿಗೆ ಸಿಕ್ಕಿಸುತ್ತೆ. ಇದನ್ನ ನೋಡಿದ ಹುಡುಗರು 'ಅಣ್ಣಾ, ಏನಣ್ಣ ಸೇಫ್ಟಿಗಾ?' ಅಂತ ಕಣ್ಣು ಮಿಟುಕಿಸ್ತಾರೆ. ಕೆಲವು ಹಿರಿಯರು 'ಇದೆಲ್ಲಾ ಯಾಕಪ್ಪ ನಿಂಗೆ, ಹೋರಾಟಗಾರ ಅನ್ನಿಸ್ಕೊಂಡೋನು' ಅಂತಾರೆ. ಇಬ್ಬರಿಗೂ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಬರೀತಿದ್ದೀನಿ.

ಮೊದಲು ಚಾಕುವಿನ ವಿಷಯ. ಇದಕ್ಕೆ ಅಸಿಸ್ಟೆಡ್ ಓಪನಿಂಗ್ ಅಂತಾರೆ. ಮುಚ್ಚಿದ್ದಾಗ ಕೈಬೆರಳಷ್ಟು ಉದ್ದ. ಬೆನ್ನಿನ ಕಡೆ ಅಲಗಿನದೇ ಒಂದು ಚಿಕ್ಕ ಮೊಳಕೆ ಹೊರಗೆ ಚಾಚಿಕೊಂಡಿರುತ್ತೆ. ಅದನ್ನ ತೋರುಬೆರಳಲ್ಲಿ ಒತ್ತಿದರೆ ಅಲಗು ಸ್ವಲ್ಪ ಏಳುತ್ತೆ. ಅಲ್ಲಿವರೆಗೆ ಕೆಲಸ ನಮ್ಮದು. ಅಲ್ಲಿಂದ ಮುಂದೆ ಹಿಡಿಯ ಒಳಗಿರೋ ಸ್ಪ್ರಿಂಗ್ ಎಳ್ಕೊಂಡು ಪೂರ್ತಿ ಬಿಚ್ಚುತ್ತೆ. 'ಟಕ್' ಅಂತ ಒಂದು ಸದ್ದು. ಒಳಗಿನ ತೆಳು ಉಕ್ಕಿನ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತೆ, ಅಲಗು ವಾಪಸ್ ಬೆರಳ ಮೇಲೆ ಮಡಚಿಕೊಳ್ಳದ ಹಾಗೆ. ಮುಚ್ಚಬೇಕಾದ್ರೆ ಆ ಪಟ್ಟಿನ ಹೆಬ್ಬೆರಳಲ್ಲಿ ಸರಿಸಿ, ಸ್ಪ್ರಿಂಗಿನ ವಿರುದ್ಧ ಅಲಗನ್ನ ಒತ್ತಬೇಕು.

ಸಿನಿಮಾದಲ್ಲಿ ವಿಲನ್ ಹಿಡಿಯೋ ಬಟನ್ ಚಾಕು ಬೇರೆ. ಅದರಲ್ಲಿ ಹಿಡಿ ಮೇಲಿನ ಬಟನ್ ಒತ್ತಿದ್ರೆ ಸಾಕು, ಮಿಕ್ಕಿದ್ದೆಲ್ಲಾ ಸ್ಪ್ರಿಂಗೇ ಮಾಡುತ್ತೆ. ನನ್ನದರಲ್ಲಿ ಬಟನ್ ಇಲ್ಲ, ಬೆರಳು ಅಲಗನ್ನೇ ತಳ್ಳಬೇಕು. ಈ ವ್ಯತ್ಯಾಸ ನಿಮಗೆ ಈಗ ಕ್ಷುಲ್ಲಕ ಅನ್ನಿಸಬಹುದು. ರಾತ್ರಿ ಹತ್ತೂವರೆಗೆ ನಾಕಾಬಂದಿಯಲ್ಲಿ ನಿಂತಾಗ ಅಷ್ಟು ಕ್ಷುಲ್ಲಕ ಅಲ್ಲ, ಅದನ್ನ ಆಮೇಲೆ ಹೇಳ್ತೀನಿ.

ಅಲಗು ಮೂರು ಇಂಚಿಗೆ ಒಂದು ಕೂದಲು ಕಡಿಮೆ. ಚೈನಾ ಮಾಲು. ಸಾವಿರದ ನಾನೂರು ರೂಪಾಯಿ ಕೊಟ್ಟು ತಗೊಂಡೆ. ಆ ತಿಂಗಳು ಮನೆಯವಳು ಒಂದು ವಾರ ಅದರ ಬಗ್ಗೇನೇ ಮಾತಾಡಿದಳು. ಮನೇಲಿ ನಲವತ್ತು ರೂಪಾಯಿನ ಚಾಕು ಇದೆಯಲ್ಲ, ಈರುಳ್ಳಿ ಅದರಲ್ಲೂ ಕೊಯ್ಯುತ್ತೆ ಅಂತ. ಅವಳ ಮಾತು ನಿಜ.

ಇದರಲ್ಲಿ ನಾನು ಮಾಡೋ ಕೆಲಸ ಏನು? ಗುಮಾಸ್ತನ ಕೆಲಸ. ಹಳೇ ಕಡತಗಳ ಕಟ್ಟು ಬಿಚ್ಚೋದು, ಸುತಲಿ ಕತ್ತರಿಸೋದು, ಟಪಾಲಿನ ಕವರ್ ಒಡೆಯೋದು, ಪ್ರಿಂಟರ್ ಕಾಗದದ ಬಂಡಲ್ ಬಿಚ್ಚೋದು. ಏಪ್ರಿಲ್ ತಿಂಗಳಲ್ಲಿ ಬ್ಯಾನರ್ ಕಟ್ಟೋ ಹಗ್ಗ, ಫ್ಲೆಕ್ಸಿನ ಅಂಚು, ನೀಲಿ ಬಾವುಟದ ಬಟ್ಟೆ. ಧರಣಿ ಟೆಂಟಲ್ಲಿ ಸೌತೆಕಾಯಿ. ಪೆನ್ಸಿಲ್ ಚೂಪು ಮಾಡೋದು ನನಗೆ ಈಗಲೂ ಚಾಕುವಲ್ಲೇ ಆಗಬೇಕು, ಶಾರ್ಪ್‌ನರ್ ಹಿಡಿಸಲ್ಲ. ಎಂಟು ವರ್ಷದಲ್ಲಿ ಇದು ಒಂದು ಹನಿ ರಕ್ತ ಕಂಡಿದ್ರೆ ಅದು ನನ್ನ ಎಡಗೈ ಹೆಬ್ಬೆರಳಿಂದು.

ಈಗಿನ ಹುಡುಗರಲ್ಲಿ ಇದೊಂದು ಶೋಕಿನೂ ಆಗಿದೆ. ಎವ್ರಿಡೇ ಕ್ಯಾರಿ ಅಂತ ಹೆಸರು. ಚಾಕು, ಪುಟ್ಟ ಟಾರ್ಚು, ಹಿತ್ತಾಳೆ ಪೆನ್ನು, ವಾಚು, ಎಲ್ಲಾನೂ ಮರದ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೀತಾರೆ. ನೋಡೋಕೆ ಚೆನ್ನಾಗಿರುತ್ತೆ, ನಾನೂ ನೋಡ್ತೀನಿ. ಕೆರ್ಶಾ ಅಂತ ಒಂದು ಅಮೆರಿಕದ ಕಂಪನಿ, ಕೆನ್ ಆನಿಯನ್ ಅನ್ನೋ ಚಾಕು ವಿನ್ಯಾಸಗಾರನ ಕೈಯಲ್ಲಿ ಈ ಥರದ ಸ್ಪ್ರಿಂಗ್ ಚಾಕುಗಳನ್ನ ಮನೆಮಾತು ಮಾಡಿಸಿತು. ಇದೆಲ್ಲಾ ಆ ಹುಡುಗರಿಂದಲೇ ಕಲಿತಿದ್ದು. ಅವರ ಹೆಸರ ಮುಂದಿನ ಸರ್‌ನೇಮ್‌ಗಳನ್ನೂ ನಾನು ನೋಡ್ತೀನಿ, ಅದು ನನ್ನ ಚಾಳಿ. ಆ ಚಾಕು ಜೇಬಲ್ಲಿದ್ರೆ ಅವರು ಶೋಕಿಲಾಲರು, ಟ್ರೆಕ್ಕಿಂಗ್ ಹೋಗೋರು. ಅದೇ ಚಾಕು ನಮ್ಮ ಕೇರಿ ಹುಡುಗನ ಜೇಬಲ್ಲಿ ಸಿಕ್ಕಿದ್ರೆ ಅದಕ್ಕೆ ಪಂಚನಾಮೆ.

ನಮ್ಮ ಮನೇಲಿ ಚಾಕು ನನ್ನಿಂದ ಶುರುವಾಗಿದ್ದಲ್ಲ. ನಮ್ಮಪ್ಪನ ಹತ್ರ ರಂಪಿ ಇತ್ತು. ಗೊತ್ತಿಲ್ಲದೋರಿಗೆ ಹೇಳ್ತೀನಿ, ರಂಪಿ ಅಂದ್ರೆ ಚರ್ಮ ಕೊಯ್ಯೋ ಕತ್ತಿ. ಅಗಲ ಬಾಯಿ, ಮೊಂಡು ಹಿಡಿ. ಅದಕ್ಕೆ ಮಡಚೋದೂ ಇಲ್ಲ, ಸ್ಪ್ರಿಂಗೂ ಇಲ್ಲ. ರಂಪಿ, ಉಳಿ, ಆರಿ, ದಾರಕ್ಕೆ ಹಚ್ಚೋ ಮೇಣ, ಇಷ್ಟೇ ಅವನ ಆಸ್ತಿ. ತಂಗಡಿ ತೊಗಟೆ ಹಾಕಿ ಹದ ಮಾಡಿದ ಚರ್ಮದ ವಾಸನೆ ನನ್ನ ಮೂಗಿಂದ ಇನ್ನೂ ಹೋಗಿಲ್ಲ. ಸ್ಕೂಲಲ್ಲಿ ಪಕ್ಕದ ಹುಡುಗ ಮೂಗು ಮುಚ್ಕೊಂಡಿದ್ದೂ ನೆನಪಿಂದ ಹೋಗಿಲ್ಲ. ಅಪ್ಪ ಊರಿನ ಗೌಡರಿಗೆ ಎಕ್ಕಡ ಹೊಲೀತಿದ್ದ, ನೇಗಿಲಿಗೆ ಮಿಣಿ, ಎತ್ತಿಗೆ ಬಾರುಕೋಲು. ತಾತನ ಕಾಲದಲ್ಲಿ ಕಪಿಲೆಗೆ ಬಾನಿನೂ ಹೊಲೀತಿದ್ರಂತೆ, ನಾನು ನೋಡಿಲ್ಲ, ಅಷ್ಟೊತ್ತಿಗೆ ಪಂಪ್‌ಸೆಟ್ ಬಂದಿತ್ತು. ವರ್ಷಕ್ಕೊಂದು ಸಲ ಕಣದಲ್ಲಿ ಆಯ ಕೊಡ್ತಿದ್ರು. ಮೇಲಿಂದ ಸುರೀತಿದ್ರು, ಅಪ್ಪ ಟವೆಲ್ ಚಾಚ್ತಿದ್ದ.

ರಂಪಿ ಸಾಣೆ ಹಿಡಿಯೋದು ಅಪ್ಪನಿಗೆ ಪೂಜೆ ಇದ್ದ ಹಾಗೆ. ಕಲ್ಲಿಗೆ ನೀರು ಚುಮುಕಿಸಿ, ಕುಕ್ಕರಗಾಲಲ್ಲಿ ಕೂತು, ಒಂದೇ ಓರೆಯಲ್ಲಿ ಉಜ್ಜುತಿದ್ದ. ಮುಂಗೈ ಕೂದಲ ಮೇಲೆ ಎಳೆದು ಪರೀಕ್ಷೆ ಮಾಡೋನು. ಅವನ ಎಡ ಮುಂಗೈ ಯಾವಾಗಲೂ ಬೋಳು. ನಾನು ಈಗ ನನ್ನ ಚೈನಾ ಚಾಕುವನ್ನ ಅದೇ ಓರೆಯಲ್ಲಿ ಉಜ್ಜುತೀನಿ. ಯೂಟ್ಯೂಬಿನಲ್ಲಿ ಇಪ್ಪತ್ತು ಡಿಗ್ರಿ ಇಡಿ ಅಂತ ಹೇಳ್ತಾರೆ. ನಮ್ಮಪ್ಪ ಡಿಗ್ರಿ ಅಳೀಲಿಲ್ಲ, ಅಂಗೈಗೆ ಗೊತ್ತಿತ್ತು ಅಷ್ಟೇ.

ಆ ರಂಪಿಗೆ ಊರಲ್ಲಿ ಯಾರೂ ಹೆದರಿರಲಿಲ್ಲ. ಗೌಡರ ಜಗಲಿ ಕೆಳಗೆ ಕೂತು ಅಪ್ಪ ಅವರ ಕಾಲಿನ ಅಳತೆಗೆ ಚರ್ಮ ಕೊಯ್ಯೋನು. ಅಂಥ ಹರಿತದ ಕತ್ತಿ, ಅವರ ಹಿಮ್ಮಡಿಗೂ ಅದಕ್ಕೂ ಗೇಣು ದೂರ. ಯಾರಿಗೂ ಏನೂ ಅನ್ನಿಸಿರಲಿಲ್ಲ. ಹೊಲದಲ್ಲೂ ಅಷ್ಟೇ. ನಮ್ಮ ಹೆಣ್ಣುಮಕ್ಕಳು ಇಪ್ಪತ್ತು ಜನ ಇಪ್ಪತ್ತು ಕುಡುಗೋಲು ಹಿಡಿದು ಅವರ ರಾಗಿ ಹೊಲಕ್ಕೆ ಇಳೀತಿದ್ರು. ಊರಿನ ಎಲ್ಲಾ ಮಚ್ಚು, ಕೊಡಲಿ, ಕುಡುಗೋಲುಗಳು ಹಗಲು ಪೂರ್ತಿ ನಮ್ಮ ಜನರ ಕೈಲೇ ಇರ್ತಿದ್ವು. ಅವರು ಆರಾಮಾಗಿ ಬದುವಿನ ಮೇಲೆ ಬೀಡಿ ಸೇದ್ಕೊಂಡು ಕೂತಿರೋರು.

ನಾನಾಗ ಐದನೇ ಕ್ಲಾಸೋ ಆರನೇ ಕ್ಲಾಸೋ. ದಲಿತ ಸಂಘರ್ಷ ಸಮಿತಿಯ ಗಾಳಿ ನಮ್ಮ ಹೋಬಳಿಗೂ ಬೀಸಿತ್ತು. ಬಿ. ಕೃಷ್ಣಪ್ಪನವರ ಹೆಸರು ನಮ್ಮ ಕೇರೀಲಿ ದೊಡ್ಡೋರ ಬಾಯಲ್ಲಿ ಕೇಳ್ತಿದ್ದೆ. ಕಾಲೇಜು ಓದ್ತಿದ್ದ ನಾಕು ಹುಡುಗರು ಬಂದು, ಸತ್ತ ದನ ಎಳೆಯೋದು ನಿಲ್ಲಿಸ್ರಿ ಅಂತ ಕೂತು ಮಾತಾಡಿದ್ರು. ಕೇರಿ ಎರಡು ವಾರ ಜಗಳ ಆಡಿ ಕೊನೆಗೆ ಒಪ್ಪಿತು. ಆಮೇಲೆ ಒಂದು ದಿನ ಗೌಡರ ಮನೆ ಎಮ್ಮೆ ಸತ್ತಿತು. ಆಳು ಬಂದು ಕರೆದ, ಯಾರೂ ಹೋಗಲಿಲ್ಲ. ಮಧ್ಯಾಹ್ನಕ್ಕೆ ನಾಕೈದು ಜನ ಕೇರಿಗೇ ಬಂದರು. ಅಪ್ಪ ನಮ್ಮ ಗುಡಿಸಲ ಮುಂದೆ ಕೂತು ಚರ್ಮ ಕೊಯ್ತಾ ಇದ್ದ, ಅವರದೇ ಎಕ್ಕಡಕ್ಕೆ. ಅಪ್ಪ ಎದ್ದು ನಿಂತ. 'ಇಲ್ಲ ಸೋಮಿ, ನಾವು ಇನ್ಮ್ಯಾಕೆ ಬರಾಕಿಲ್ಲ' ಅಂದ. ಅಷ್ಟೇ ಅಂದಿದ್ದು. ದನಿನೂ ಏರಿಸಿರಲಿಲ್ಲ.

ಅವರಲ್ಲಿ ಒಬ್ಬ ಕೇಳಿದ, 'ಏನ್ಲಾ, ಕತ್ತಿ ಹಿಡ್ಕೊಂಡು ಮಾತಾಡ್ತೀಯ?'

ಅಪ್ಪ ಕೈ ನೋಡ್ಕೊಂಡ. ರಂಪಿ ಕೈಯಲ್ಲೇ ಇತ್ತು. ಹುಟ್ಟಿದಾಗಿಂದ ಕೈಯಲ್ಲೇ ಇತ್ತು. ಆ ಕ್ಷಣದವರೆಗೆ ಅದನ್ನ ಊರಲ್ಲಿ ಯಾರೂ ಕತ್ತಿ ಅಂತ ಕರೆದಿರಲಿಲ್ಲ. ಅಪ್ಪ ಬಗ್ಗಿ ಅದನ್ನ ಚರ್ಮದ ಮೇಲೆ ಇಟ್ಟ. ಇಟ್ಟು ಮತ್ತೆ ಅದೇ ಮಾತು ಹೇಳಿದ. ಆದರೆ ಸಂಜೆ ಹೊತ್ತಿಗೆ ಊರ ತುಂಬಾ ಸುದ್ದಿ ಆಗಿದ್ದು ಎಮ್ಮೆ ವಿಷಯ ಅಲ್ಲ. 'ಮಾದಿಗರ ಇಂಥೋನು ಗೌಡರ ಮ್ಯಾಗೆ ಕತ್ತಿ ಎತ್ತಿದ್ನಂತೆ' ಅಂತ. ಕೂಲಿ ನಿಂತಿತು, ಅಂಗಡೀಲಿ ಉಪ್ಪು ನಿಂತಿತು, ಗಿರಣಿಯೋನು ರಾಗಿ ಬೀಸಲಿಲ್ಲ. ಮೂರು ತಿಂಗಳು ನಮ್ಮವ್ವ ಆರು ಮೈಲಿ ನಡೆದು ಬೇರೆ ಊರಿನ ಗಿರಣಿಗೆ ಹೋಗ್ತಿದ್ದಳು.

ನಾನು ಆಮೇಲೆ ಬಿಎ ಓದುವಾಗ ಬಾಬಾಸಾಹೇಬರ 'ಜಾತಿ ವಿನಾಶ' ಓದಿದೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಕರೆದು, ಆಮೇಲೆ ಸಭೇನೇ ರದ್ದು ಮಾಡಿದ್ರಿಂದ ಮಾಡದೇ ಉಳಿದ 1936ರ ಭಾಷಣ ಅದು. ಅದರಲ್ಲಿ ಒಂದು ಕಡೆ ಅವರು ಕೇಳ್ತಾರೆ, ಈ ದೇಶದಲ್ಲಿ ಯಾಕೆ ಕ್ರಾಂತಿ ಆಗಲಿಲ್ಲ ಅಂತ. ಅವರ ಉತ್ತರದ ತಿರುಳು ಇಷ್ಟು: ಚಾತುರ್ವರ್ಣ್ಯ ಕೆಳಗಿನ ಜನರಿಗೆ ಆಯುಧ ಹಿಡಿಯೋ ಹಕ್ಕನ್ನೇ ಕೊಡಲಿಲ್ಲ, ವಿದ್ಯೆನೂ ಕೊಡಲಿಲ್ಲ, ಉಳುಮೆ ಮಾಡ್ತಾ ಇರಿ ಅಂತ ಕಟ್ಟಿಹಾಕಿತು. ಇದನ್ನ ಬರೆದವರು ಮಿಲಿಟರಿ ಸುಬೇದಾರರ ಮಗ ಅನ್ನೋದನ್ನ ಮರೀಬೇಡಿ. ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನ ಬ್ರಿಟಿಷರು ಮಧ್ಯದಲ್ಲಿ ನಿಲ್ಲಿಸಿದ್ದು, ಮತ್ತೆ 1941ರಲ್ಲಿ ಮಹಾರ್ ರೆಜಿಮೆಂಟ್ ಆಗಿದ್ದು, ಅದರ ಹಿಂದೆ ಬಾಬಾಸಾಹೇಬರ ಒತ್ತಾಯ ಇದ್ದದ್ದು, ಎಲ್ಲಾ ಒಂದೇ ಕಥೆಯ ತುಂಡುಗಳು. ಆ ಪುಟ ಓದಿದಾಗ ನನಗೆ ರಂಪಿ ನೆನಪಾಯ್ತು. ನಮ್ಮ ಕೈಲಿ ಅಲಗು ಇರಲಿಲ್ಲ ಅಂತ ಅಲ್ಲ. ಇತ್ತು. ಅದು ಯಾವಾಗ ಉಪಕರಣ, ಯಾವಾಗ ಆಯುಧ ಅಂತ ಹೇಳೋ ಹಕ್ಕು ನಮ್ಮದಾಗಿರಲಿಲ್ಲ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ನಾನು ಗುಮಾಸ್ತ, ನಿಯಮ ಸುತ್ತೋಲೆ ಓದೋದೇ ನನ್ನ ಅನ್ನ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗಿನ ನಿಯಮಗಳ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಮಾತ್ರ ಚಾಕು ಆ ಪಟ್ಟಿಗೆ ಬರುತ್ತೆ. ಅದರಲ್ಲೂ ಮನೆ, ಬೇಸಾಯ, ವಿಜ್ಞಾನ, ಕೈಗಾರಿಕೆ ಕೆಲಸಕ್ಕೆ ಮಾಡಿದ್ದಾದರೆ ಬಿಡುಗಡೆ. ನನ್ನದು ಮೂರು ಇಂಚು. ದೆಹಲೀಲಿ ಮಾತ್ರ ಬಟನ್ ಚಾಕುಗಳ ಬಗ್ಗೆ 1980ರ ಒಂದು ಅಧಿಸೂಚನೆ ಇದೆ, 7.62 ಸೆಂಟಿಮೀಟರ್ ಅಂತ ಅಳತೆ ಹಾಕಿ. ಅದನ್ನೇ ಹಿಡ್ಕೊಂಡು ಜೇಬಲ್ಲಿ ಚಾಕು ಸಿಕ್ಕ ಬಡ ಹುಡುಗರ ಮೇಲೆ ಅಲ್ಲಿ ಕೇಸುಗಳು ಬೀಳ್ತಾ ಬಂದಿವೆ. ಜಂತರ್ ಮಂತರ್ ಧರಣಿಗೆ ಹೋದಾಗ ನಾನು ಚಾಕು ಮನೇಲೇ ಬಿಟ್ಟು ಹೋಗಿದ್ದೆ. ನಿಷೇಧಾಜ್ಞೆ, ಅಂದ್ರೆ ಹಿಂದಿನ 144, ಈಗಿನ ಬಿಎನ್‌ಎಸ್‌ಎಸ್ 163, ಅದು ಜಾರಿ ಇದ್ದಾಗಲೂ ಅಷ್ಟೇ. ಆಗ ದೊಣ್ಣೆ, ಚಾಕು ಎಲ್ಲಾನೂ ಆದೇಶದಲ್ಲಿ ಬರೆದೇ ಇರ್ತಾರೆ. ಮೆಟ್ರೋ, ಕೋರ್ಟು, ವಿಮಾನ ಇಲ್ಲೆಲ್ಲಾ ಬಿಡಲ್ಲ, ಬಿಡಬಾರದು ಕೂಡ. ಬೆಂಗಳೂರಿಗೆ ಹೋದ ದಿನ ಪರಿಚಯದ ಟೀ ಅಂಗಡಿಯವನ ಹತ್ರ ಕೊಟ್ಟು ಮೆಟ್ರೋ ಹತ್ತುತೀನಿ.

ಇದೇ ಕಾನೂನಿನಲ್ಲಿ ಯಾರ್ಯಾರಿಗೆ ಏನೇನು ವಿನಾಯಿತಿ ಇದೆ ಅನ್ನೋದೂ ಗೊತ್ತಿರಲಿ. ಸಿಖ್ಖರು ಕಿರ್ಪಾನ್ ಧರಿಸೋದು ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಇದೆ. ನಮ್ಮದೇ ರಾಜ್ಯದಲ್ಲಿ ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಕೊಳ್ಳೋಕೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಹೈಕೋರ್ಟೂ ಅದನ್ನ ಎತ್ತಿಹಿಡಿಯಿತು. 2029ರವರೆಗೆ ಅದು ಜಾರಿಯಲ್ಲಿದೆ. ಅವರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಅವರ ಹಬ್ಬ, ಅವರ ಪದ್ಧತಿ. ನಾನು ಹೇಳೋದು ಇಷ್ಟೇ, ಈ ದೇಶದ ಕಾನೂನಿಗೆ ಒಂದು ಜನಸಮುದಾಯದ ಕೈಲಿರೋ ಆಯುಧವನ್ನ ಗೌರವ ಅಂತ ಓದೋಕೆ ಬರುತ್ತೆ.

ನಮಗೂ ಒಂದು ಸಾಲು ಇದೆ ಅಂದ್ರೆ ನಿಮಗೆ ಆಶ್ಚರ್ಯ ಆಗಬಹುದು. ದೌರ್ಜನ್ಯ ತಡೆ ಕಾಯ್ದೆ 1989, ಅದರ ನಿಯಮಗಳು 1995. ಅದರ 3ನೇ ನಿಯಮ ಓದಿ. ದೌರ್ಜನ್ಯ ನಡೆಯಬಹುದಾದ ಪ್ರದೇಶ ಅಂತ ಗುರುತಿಸಿದ ಕಡೆ ಪರಿಶಿಷ್ಟರಲ್ಲದವರ ಬಂದೂಕು ಲೈಸೆನ್ಸ್ ರದ್ದು ಮಾಡಿ ಸರ್ಕಾರದ ಶಸ್ತ್ರಾಗಾರಕ್ಕೆ ಜಮಾ ಮಾಡಿಸಬಹುದು. ಅಷ್ಟೇ ಅಲ್ಲ, ಅಗತ್ಯ ಕಂಡುಬಂದರೆ ಪ್ರಾಣ, ಆಸ್ತಿ ರಕ್ಷಣೆಗೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಶಸ್ತ್ರದ ಲೈಸೆನ್ಸ್ ಕೊಡಬಹುದು ಅಂತಾನೂ ಇದೆ. ಅಧಿಕೃತ ನಿಯಮ, ನನ್ನ ಭಾಷಣ ಅಲ್ಲ. ಇಪ್ಪತ್ತು ವರ್ಷದಿಂದ ಈ ಓಡಾಟದಲ್ಲಿದ್ದೀನಿ, ಈ ನಿಯಮದ ಅಡಿ ಲೈಸೆನ್ಸ್ ಪಡೆದ ಒಬ್ಬ ದಲಿತನನ್ನೂ ನಾನು ಕಂಡಿಲ್ಲ. ಜಾಗೃತಿ ಸಮಿತಿ ಸಭೆಗಳಲ್ಲಿ ಇದರ ಬಗ್ಗೆ ಕೇಳಿದರೆ ಸಾಹೇಬರು ನಗ್ತಾರೆ.

ನಾಕಾಬಂದಿ ವಿಷಯ ಹೇಳ್ತೀನಿ ಅಂದಿದ್ದೆ. ಒಂದು ವರ್ಷ ಏಪ್ರಿಲ್ 14 ಆಗಿ ಮೂರು ದಿನಕ್ಕೆ ಒಂದು ಹಳ್ಳೀಲಿ ಬಾಬಾಸಾಹೇಬರ ಫ್ಲೆಕ್ಸ್ ಹರಿದಿದ್ರು. ಊರು ಬಿಸಿ ಆಗಿತ್ತು. ಆಫೀಸು ಮುಗಿಸ್ಕೊಂಡು ನಾನೂ ಮೂವರು ಗೆಳೆಯರೂ ಹೋಗಿ, ಕೇರಿಯವರನ್ನ ಸಮಾಧಾನ ಮಾಡಿ, ದೂರು ಬರೆದುಕೊಟ್ಟು ವಾಪಸ್ ಬರ್ತಿದ್ವಿ. ಹೆದ್ದಾರೀಲಿ ಬ್ಯಾರಿಕೇಡ್. ಪೇದೆ ಒಬ್ಬರು ಜೇಬು ತಡವಿದ್ರು, ಕ್ಲಿಪ್ ಸಿಕ್ಕಿತು. 'ಏನ್ರೀ ಇದು?' ಅಂದ್ರು. ಎಲ್ಲಿಂದ ಬರ್ತಿದ್ದೀರಿ ಅಂತ ಕೇಳಿದ್ರು. ಊರಿನ ಹೆಸರು ಹೇಳಿದೆ. ಯಾಕೆ ಹೋಗಿದ್ರಿ ಅಂದ್ರು, ಅದನ್ನೂ ಹೇಳಿದೆ. ಮುಂದಿನ ಪ್ರಶ್ನೆ ಹೊತ್ತಿಗೆ 'ರೀ' ಹೋಗಿ 'ಏನಯ್ಯ' ಆಗಿತ್ತು.

ಸ್ಟೇಷನ್ನಿಗೆ ಕರ್ಕೊಂಡು ಹೋದ್ರು. ಎಸ್‌ಐ ಚಿಕ್ಕ ವಯಸ್ಸಿನವರು. ಚಾಕು ಕೈಗೆ ತಗೊಂಡು ಟಕ್ ಅನ್ನಿಸಿದ್ರು, ಮುಚ್ಚಿದ್ರು, ಮತ್ತೆ ಟಕ್. ನಾಕೈದು ಸಲ. ಅವರಿಗೂ ಆ ಸದ್ದು ಹಿಡಿಸ್ತು ಅಂತ ಮುಖದಲ್ಲೇ ಗೊತ್ತಾಗ್ತಿತ್ತು. ಆಮೇಲೆ 'ಇದು ಬಟನ್ ಚಾಕು' ಅಂದ್ರು. 'ಬಟನ್ ಎಲ್ಲಿದೆ ತೋರಿಸಿ ಸಾರ್' ಅಂದೆ. ಒಂಬತ್ತು ಇಂಚಿನ ಲೆಕ್ಕ ಹೇಳಿದೆ. 'ಕಾನೂನು ನಂಗೇ ಹೇಳ್ಕೊಡ್ತೀಯಾ?' ಅಂದ್ರು. ನನ್ನ ಹೆಸರು, ತಂದೆ ಹೆಸರು, ಜಾತಿ, ಕೆಲಸ ಬರ್ಕೊಂಡ್ರು. ನನ್ನ ಜೊತೆಯವರನ್ನ ಹೊರಗೆ ನಿಲ್ಲಿಸಿದ್ರು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತಿದ್ದೆ.

ಆ ಬೆಂಚಿನ ಮೇಲೆ ನಾನು ಲೆಕ್ಕ ಹಾಕಿದ್ದು ಏನು ಗೊತ್ತಾ? ನಲವತ್ತೆಂಟು ಗಂಟೆ. ನಮ್ಮ ಸೇವಾ ನಿಯಮದಲ್ಲಿ ನಲವತ್ತೆಂಟು ಗಂಟೆ ಮೀರಿ ಕಸ್ಟಡೀಲಿದ್ರೆ ಅಮಾನತ್ತು ಆದ ಹಾಗೇ ಅಂತ ಇದೆ. ಮಗಳಿಗೆ ಪಿಯುಸಿ ಫೀಸು ಕಟ್ಟಬೇಕಿತ್ತು. ಚಾಕು ಮೂರು ಇಂಚು, ಕಾನೂನು ಒಂಬತ್ತು ಇಂಚು ಅನ್ನೋದು ಕೋರ್ಟಲ್ಲಿ ನಾಕು ವರ್ಷ ಆದ್ಮೇಲೆ ಗೆಲ್ಲುತ್ತೆ, ಸಂಬಳ ಈ ತಿಂಗಳೇ ನಿಲ್ಲುತ್ತೆ.

ಹನ್ನೆರಡು ಗಂಟೆಗೆ ಬಿಟ್ಟರು. ಚಾಕು ಇಟ್ಕೊಂಡ್ರು, ಚೀಟಿ ಕೊಡಲಿಲ್ಲ. ವಕೀಲ ಗೆಳೆಯರೊಬ್ಬರು ಫೋನ್ ಮಾಡಿದ ಮೇಲೆ ಮೂರನೇ ದಿನ ವಾಪಸ್ ಸಿಕ್ಕಿತು. ಕೊಡುವಾಗ ಎಸ್‌ಐ ಹೇಳಿದ್ರು, 'ಆ ಊರಿನೋರು ಅವತ್ತು ನಿಮ್ಮ ಮೇಲೆ ಒಂದು ಕಂಪ್ಲೇಂಟ್ ಕೊಟ್ಟಿದ್ದಿದ್ರೆ ಇದೊಂದೇ ಸಾಕಾಗ್ತಿತ್ತು. ಅಂಥ ಕಡೆ ಹೋಗುವಾಗ ಮನೇಲಿಟ್ಟು ಹೋಗಿ.' ಅದು ಹಿತವಚನವೋ ಬೆದರಿಕೆಯೋ ನನಗೆ ಇವತ್ತಿಗೂ ತೀರ್ಮಾನ ಆಗಿಲ್ಲ. ಆದರೆ ಮಾತು ಸತ್ಯ.

ಯಾಕಂದ್ರೆ ನಿಮಗೆ ಗೊತ್ತೇ ಇದೆ. ನಾವು ದೌರ್ಜನ್ಯದ ದೂರು ಕೊಟ್ಟ ಸಂಜೆಯೇ ಆ ಕಡೆಯಿಂದ ಒಂದು ಕೌಂಟರ್ ಬರುತ್ತೆ. ಅದರ ಭಾಷೆ ಎಲ್ಲಾ ಠಾಣೆಯಲ್ಲೂ ಒಂದೇ: ಮಾರಕಾಸ್ತ್ರ ಹಿಡಿದು ಅಕ್ರಮ ಕೂಟ ಸೇರಿ ಬಂದು, ಅವಾಚ್ಯವಾಗಿ ನಿಂದಿಸಿ. ಆಮೇಲೆ ಹಿರಿಯರು ಬರ್ತಾರೆ, 'ಎರಡೂ ಕೇಸು ರಾಜಿ ಮಾಡ್ಕೊಳ್ಳಿ' ಅಂತ. ಆ 'ಮಾರಕಾಸ್ತ್ರ' ಅನ್ನೋ ಪದಕ್ಕೆ ಇಷ್ಟು ದಿನ ಒಂದು ವಸ್ತು ಸಿಗ್ತಿರಲಿಲ್ಲ. ಗುಮಾಸ್ತನ ಸುತಲಿ ಕೊಯ್ಯೋ ಚಾಕು ಅದಕ್ಕೆ ಸಿಕ್ಕಿಬಿಟ್ರೆ ಕೇರಿಯ ಹದಿನೈದು ಮನೆಯ ಕೇಸು ಬಿದ್ದುಹೋಗುತ್ತೆ. ಹಾಗಾಗಿ ನನ್ನದು ಒಂದು ನಿಯಮ. ಆಫೀಸಿಗೆ ಚಾಕು ಇರುತ್ತೆ, ಮಾರ್ಕೆಟ್ಟಿಗೆ ಇರುತ್ತೆ, ಮದುವೆಗೂ ಇರುತ್ತೆ. ಜಗಳ ಇರೋ ಊರಿಗೆ ಹೋಗುವಾಗ ಇರಲ್ಲ. ಸೇಫ್ಟಿಗಾ ಅಂತ ಕಣ್ಣು ಮಿಟುಕಿಸೋ ತಮ್ಮಂದಿರೇ, ಹೊಡೆತ ಬೀಳೋ ಸಾಧ್ಯತೆ ಇರೋ ದಿನ ನಿಮ್ಮಣ್ಣ ಬರಿಗೈಲಿ ಹೋಗ್ತಾನೆ.

ಇನ್ನೊಂದು ಮಾತನ್ನೂ ನೇರ ಹೇಳಿಬಿಡ್ತೀನಿ, ರೀಲ್ಸ್ ನೋಡಿ ಬಿಸಿ ಆಗೋ ಹುಡುಗರಿಗೆ. ಮೂರು ಇಂಚಿನ ಚಾಕು ಯಾರನ್ನೂ ಕಾಪಾಡಲ್ಲ. ಕೈ ನಡುಗುವಾಗ ಲಾಕ್ ಸರಿಯಾಗಿ ಕೂರದಿದ್ರೆ ನಿನ್ನ ಬೆರಳನ್ನೇ ಕೊಯ್ಯುತ್ತೆ. ಕಿತ್ಕೊಂಡ್ರೆ ನಿನಗೇ ಚುಚ್ಚುತ್ತೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ ಬೆಂಕಿ ಇಟ್ರಲ್ಲ, ಏಳು ಜನ ಸುಟ್ಟುಹೋದ್ರಲ್ಲ, ಅಲ್ಲಿ ಒಳಗಿದ್ದವರ ಜೇಬಲ್ಲಿ ಚಾಕು ಇದ್ದಿದ್ರೆ ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಹೊರಗೆ ನಿಂತು ಹೇಳೋ ಸಾಕ್ಷಿ. ಆ ಸಾಕ್ಷಿಗಳು ತಿರುಗಿಬಿದ್ರು, 2006ರಲ್ಲಿ ಆರೋಪಿಗಳೆಲ್ಲಾ ಖುಲಾಸೆ ಆದ್ರು. ಕೊಪ್ಪಳ ಜಿಲ್ಲೆ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಹಾಕಿದ್ರು. ಹೋಟೆಲಿಗೆ ಬಿಡಲ್ಲ, ಕ್ಷೌರ ಮಾಡಲ್ಲ ಅನ್ನೋದನ್ನ ನಮ್ಮವರು ಪ್ರಶ್ನೆ ಮಾಡಿದ್ದೇ ಅಲ್ಲಿ ತಪ್ಪಾಗಿತ್ತು. ಅಲ್ಲಿ ಹತ್ತು ವರ್ಷ ಕೇಸು ನಡೆದು, 2024ರ ಅಕ್ಟೋಬರಿನಲ್ಲಿ 101 ಜನ ತಪ್ಪಿತಸ್ಥರು ಅಂತ ತೀರ್ಪು ಬಂತು, 98 ಜನಕ್ಕೆ ಜೀವಾವಧಿ. ಅಪೀಲು, ಜಾಮೀನು ಎಲ್ಲಾ ಇದ್ದದ್ದೇ, ಆದರೂ ಆ ತೀರ್ಪು ಕೇಳಿದ ದಿನ ನಾನು ಆಫೀಸಲ್ಲಿ ಬಾತ್‌ರೂಮಿಗೆ ಹೋಗಿ ಮುಖ ತೊಳ್ಕೊಂಡು ಬಂದೆ.

ಮರಕುಂಬಿಯಲ್ಲೂ ನೋಡಿ, ಜಗಳದ ಬುಡದಲ್ಲಿ ಒಂದು ಕ್ಷೌರದ ಕತ್ತಿ ಇತ್ತು. ಯಾರ ಅಲಗು ಯಾರ ಮೈ ಮುಟ್ಟಬಹುದು ಅನ್ನೋದು ಈ ದೇಶದಲ್ಲಿ ಇನ್ನೂ ತೀರ್ಮಾನ ಆಗದ ವಿಷಯ.

ನಮ್ಮ ಆಫೀಸಲ್ಲಿ ಬೆಂಕಿ ಗಿಂಕಿ ಏನೂ ಇಲ್ಲ. ಎಲ್ಲರೂ ಒಳ್ಳೆಯವರೇ, ನಗ್ತಾ ಮಾತಾಡ್ತಾರೆ. ದಿನಕ್ಕೆ ಹತ್ತು ಸಲ ನನ್ನ ಚಾಕು ಕೇಳ್ತಾರೆ. 'ಸಾರ್, ಪಾರ್ಸೆಲ್ ಬಂದಿದೆ, ನಿಮ್ ಚಾಕು ಕೊಡಿ.' 'ಸಾರ್, ಈ ಟೇಪು.' ನಾನು ಬಿಚ್ಚಿ, ಹಿಡಿ ಕಡೆ ಅವರಿಗೆ ತಿರುಗಿಸಿ ಕೊಡ್ತೀನಿ. ಹಾಗೇ ಕೊಡೋದನ್ನ ಅಪ್ಪ ಕಲಿಸಿದ್ದು. ಆದರೆ ಯಾರದಾದ್ರೂ ಹುಟ್ಟುಹಬ್ಬ ಇದ್ದು, ಟೇಬಲ್ ಮೇಲೆ ಸೇಬು, ಪಪ್ಪಾಯಿ ಬಂದಾಗ ನನ್ನ ಚಾಕು ಯಾರಿಗೂ ನೆನಪಾಗಲ್ಲ. ಕ್ಯಾಂಟೀನಿಂದ ಒಂದು ಮೊಂಡು ಚಾಕು ತರಿಸ್ತಾರೆ. ಅದರಲ್ಲಿ ಪಪ್ಪಾಯಿ ಕೊಯ್ಯೋದಲ್ಲ, ಜಜ್ಜೋದು. ಎರಡು ಹೆಜ್ಜೆ ದೂರದಲ್ಲಿ ನಾನು ಕೂತಿರ್ತೀನಿ, ಕೂದಲು ಬೋಳಿಸೋ ಹರಿತದ ಅಲಗು ಜೇಬಲ್ಲಿ ಇಟ್ಕೊಂಡು. ಒಂದು ಸಲ ಹೊಸದಾಗಿ ಸೇರಿದ ಹುಡುಗ, ಪಾಪ ಗೊತ್ತಿಲ್ದೆ, 'ಮೇಡಂ, ಸಾರ್ ಹತ್ರ ಸೂಪರ್ ಚಾಕು ಇದೆ' ಅಂದ. ಮೇಡಂ, 'ಬೇಡಪ್ಪ, ಅದರಲ್ಲಿ ಗಮ್ ಟೇಪು ಎಲ್ಲಾ ಕತ್ತರಿಸಿರ್ತಾರೆ, ಧೂಳು' ಅಂದ್ರು. ನಾನು ಎದ್ದು ಚಾಕುನ ಸೋಪು ಹಾಕಿ ತೊಳ್ಕೊಂಡು ಬಂದು ಟೇಬಲ್ ಮೇಲಿಟ್ಟೆ. ಅಷ್ಟೊತ್ತಿಗೆ ಅವರು ಪಪ್ಪಾಯಿನ ಜಜ್ಜಿ ಮುಗಿಸಿದ್ರು.

ಅದು ಜಾತಿನೋ ಧೂಳೋ? ಕೋರ್ಟಲ್ಲಿ ಸಾಬೀತು ಮಾಡು ಅಂದ್ರೆ ನನ್ನಿಂದ ಆಗಲ್ಲ. ಆದರೆ ನನ್ನ ವಯಸ್ಸಿನ ಮಾದಿಗನಿಗೆ ಅಷ್ಟು ಮಾತ್ರದ ಕನ್ನಡ ಅರ್ಥ ಆಗುತ್ತೆ.

ಆಯುಧ ಪೂಜೆ ದಿನ ಇನ್ನೊಂದು ತಮಾಷೆ. ಸ್ಟೇಪ್ಲರ್, ಪಂಚಿಂಗ್ ಮೆಷಿನ್, ಕಂಪ್ಯೂಟರ್, ಬೀರುವಿನ ಬೀಗ, ಸಾಹೇಬರ ಜೀಪು, ಎಲ್ಲಕ್ಕೂ ಕುಂಕುಮ ಬೀಳುತ್ತೆ. ಆ ಇಡೀ ಕಟ್ಟಡದಲ್ಲಿ ಆಯುಧ ಅಂತ ಕರೆಸ್ಕೊಳ್ಳೋ ಯೋಗ್ಯತೆ ಇರೋ ವಸ್ತು ನನ್ನ ಜೇಬಲ್ಲಿರೋದೊಂದೇ. ನಾನು ಅದನ್ನ ಇಡಲ್ಲ, ಅವರೂ ಕೇಳಲ್ಲ. ನಿಂಬೆಹಣ್ಣು ಕೊಯ್ಯೋಕೆ ಮಾತ್ರ ಡ್ರೈವರ್ ಬಂದು ಇಸ್ಕೊಂಡು ಹೋಗ್ತಾನೆ. ಜೀಪಿನ ಚಕ್ರದ ಕೆಳಗೆ ಇಡೋ ನಿಂಬೆಹಣ್ಣು ತಾನೇ, ಅದಕ್ಕೆ ಮೈಲಿಗೆ ಇಲ್ಲ. ನಿಂಬೆ ರಸ ಈ ಉಕ್ಕಿಗೆ ಆಗಲ್ಲ, ಒರೆಸದೆ ಬಿಟ್ರೆ ಸಂಜೆಗೆ ಕಲೆ ಬೀಳುತ್ತೆ. ಮನೆಗೆ ಬಂದು ಮೊದಲು ಅದನ್ನ ತೊಳೆದು ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕ್ತೀನಿ.

ಮಗಳು ಈಗ ಡಿಗ್ರಿಯಲ್ಲಿದ್ದಾಳೆ. ಅವಳಿಗೂ ಒಂದು ಕೊಡಿಸಲಾ ಅಂತ ಕೇಳಿದೆ. 'ಬೇಡಪ್ಪ, ನಂಗೆ ಪೆಪ್ಪರ್ ಸ್ಪ್ರೇ ಸಾಕು. ಆದ್ರೆ ತಾತನ ರಂಪಿ ನಂಗೆ ಕೊಡು' ಅಂದಳು. ಯಾಕೆ ಅಂದೆ. ಕಾಲೇಜಲ್ಲಿ ಕುಲಕಸುಬಿನ ಬಗ್ಗೆ ಸೆಮಿನಾರ್ ಅಂತೆ, ಎಲ್ಲರ ಮುಂದೆ ಇಟ್ಟು ಮಾತಾಡ್ತಾಳಂತೆ. ನಾನು ಆ ವಯಸ್ಸಲ್ಲಿ ನಮ್ಮಪ್ಪ ಏನು ಕೆಲಸ ಮಾಡ್ತಾನೆ ಅಂತ ಕೇಳಿದ್ರೆ 'ವ್ಯವಸಾಯ' ಅಂತ ಬರೀತಿದ್ದೆ. ಹೋದ ವಾರ ಅಟ್ಟದಿಂದ ರಂಪಿ ಇಳಿಸಿದೆ. ಹಿಡಿ ಗೆದ್ದಲು ತಿಂದಿದೆ, ಅಲಗು ತುಕ್ಕು. ಬೆಳಗಾವಿ ಕಡೆಯ ಕಮ್ಮಾರ ಗೆಳೆಯರೊಬ್ಬರು ಹಿಡಿ ಹಾಕಿಕೊಡ್ತೀನಿ ಅಂದಿದ್ದಾರೆ. ಸಾಣೆ ನಾನೇ ಹಿಡೀತೀನಿ, ಅದನ್ನ ಬೇರೆಯವರಿಗೆ ಕೊಡಲ್ಲ.

ಮರೆಯೋ ಮುಂಚೆ. ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆ ಸ್ಮಶಾನದ ಜಾಗದ ವಿಷಯಕ್ಕೆ ಕೇರಿಯ ಸಭೆ ಇದೆ. ಜಾಗ ಎಲ್ಲಿ ಅಂತ ಬರಬೇಕಾದವರಿಗೆ ಗೊತ್ತಿದೆ. ಎರಡು ಬ್ಯಾನರ್, ಸುತಲಿ, ಮೈಕು ನಾನು ತರ್ತೀನಿ. ಊರಿನ ಪರಿಸ್ಥಿತಿ ಸರಿ ಇಲ್ಲ, ಚಾಕು ತರಲ್ಲ. ಯಾರಾದ್ರೂ ಮಕ್ಕಳ ಸ್ಕೂಲ್ ಬ್ಯಾಗಿಂದ ಒಂದು ಕತ್ತರಿ ತನ್ನಿ, ತುದಿ ಮೊಂಡಾಗಿರೋದು.

ಜೈಭೀಮ್.